ಕಾಕಾನ ಹೆಸರಿನಲ್ಲಿ ಬಂದ ಬಾಟಲಿ

ನಮ್ಮ ಓಣಿಯಲ್ಲಿ ನನ್ನನ್ನು ‘ಉಚ್ಚಿ ಡಾಕ್ಟರ್’ ಎಂದು ಕರೆಯುತ್ತಾರೆ. ವರ್ಷಗಟ್ಟಲೆ ಓದಿ, ಕಣ್ಣಿಗೆ ಕನ್ನಡಕ ಬರಿಸಿಕೊಂಡು, ಕಡೆಗೆ ಸಿಕ್ಕ ಬಿರುದು ಇದು. ಬಸ್ಸಿಳಿದು ಚೀಲ ಹೊತ್ತು ಬರುವಾಗ ಕಟ್ಟೆಯ ಮೇಲೆ ಕೂತ ಯಾರಾದರೊಬ್ಬರು ‘ಏನವಾ ಉಚ್ಚಿ ಡಾಕ್ಟರ್, ಈ ಸಲ ಯಾರದ ಒಯ್ಯಾಕ ಬಂದಿ?’ ಎಂದು ಕೇಳದೆ ಬಿಡುವುದಿಲ್ಲ. ಮೊದಲು ಅದಕ್ಕೆ ಸಿಟ್ಟು ಬರುತ್ತಿತ್ತು. ಈಗ ಅದಕ್ಕೆ ಬರುವುದಿಲ್ಲ, ಬೇರೆಯದಕ್ಕೆ ಬರುತ್ತದೆ. ಆ ಬೇರೆಯದನ್ನು ಬರೆದು ಹಾಕದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ಕೆಲಸ ಮಾಡುವುದು ಧಾರವಾಡದ ಕಡೆಯ ಒಂದು ಪ್ರಯೋಗಾಲಯದಲ್ಲಿ. ಹುಟ್ಟಿ ಬೆಳೆದದ್ದು ದಾಂಡೇಲಿ. ಅಪ್ಪ ಬೈಲಹೊಂಗಲದ ಕಡೆಯಿಂದ ಬಂದು ಕಾಗದದ ಕಾರ್ಖಾನೆ ಸೇರಿದವರು. ಅವರು ಹೋದ ಮೇಲೂ ಅವ್ವ, ಅಣ್ಣ, ವೈನಿ ಅದೇ ಓಣಿಯಲ್ಲಿದ್ದಾರೆ. ಶನಿವಾರ ಮಧ್ಯಾಹ್ನ ಹಳಿಯಾಳದ ಮೇಲೆ ಬರುವ ಬಸ್ಸು ಹತ್ತಿದರೆ ಸಂಜೆಯ ಚಹಾಕ್ಕೆ ಮನೆ ಮುಟ್ಟುತ್ತೇನೆ. ಹೊಳೆಗೆ ಬಂದ ಪ್ರವಾಸಿಗರ ಜೀಪುಗಳು ದಾರಿ ಬಿಟ್ಟರೆ ಮಾತ್ರ.

ನಮ್ಮದು ಕಿಡ್ನಿಯ ಕ್ಯಾನ್ಸರಿನ ಕೆಲಸ. ಸರಿಯಾಗಿ ಹೇಳಬೇಕೆಂದರೆ, ಆ ಕ್ಯಾನ್ಸರಿನಲ್ಲಿ ಸಣ್ಣ ಆರ್‌ಎನ್‌ಎಗಳ ಪಾತ್ರವೇನು ಎಂದು ನೋಡುವುದು. ಜೀವಕೋಶದಲ್ಲಿ ಡಿಎನ್‌ಎ ಇದೆ, ಅದರಿಂದ ಆರ್‌ಎನ್‌ಎ ಎಂಬ ನಕಲು ಹೊರಡುತ್ತದೆ, ಆ ನಕಲನ್ನು ಓದಿ ಪ್ರೋಟೀನ್ ತಯಾರಾಗುತ್ತದೆ. ಇಷ್ಟು ಶಾಲೆಯ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಬಹಳ ಕಾಲ ಇರದಿದ್ದ ಸಂಗತಿಯೆಂದರೆ, ತಾವು ಪ್ರೋಟೀನ್ ಮಾಡದ ಪುಟ್ಟ ಆರ್‌ಎನ್‌ಎಗಳೂ ಇವೆ ಎನ್ನುವುದು. ಇಪ್ಪತ್ತು, ಇಪ್ಪತ್ತೆರಡು ಅಕ್ಷರದಷ್ಟು ಉದ್ದ, ಅಷ್ಟೆ. ಅವು ದೊಡ್ಡ ನಕಲಿಗೆ ಹೋಗಿ ಅಂಟಿಕೊಂಡು ‘ಸಾಕು, ನಿಲ್ಲಿಸು’ ಎನ್ನುತ್ತವೆ. ಯಾವ ಪ್ರೋಟೀನ್ ಎಷ್ಟು ಆಗಬೇಕು ಎನ್ನುವುದರಲ್ಲಿ ಅವುಗಳ ಕೈ ದೊಡ್ಡದು. ಪ್ರೋಟೀನ್ ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬಲ್ಲವರು ಇಂಥವನ್ನೆಲ್ಲ ಕಸ ಎಂದು ಕರೆದುಬಿಟ್ಟಿದ್ದರು. ಸಂಬಳ ತರದ ಹೆಂಗಸು ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ ಎನ್ನುವ ಲೆಕ್ಕವೇ ಇದು. ಪಾಠ ಕೇಳುವಾಗಲೇ ನನಗೆ ಮೈ ಉರಿದಿತ್ತು. ಬಹುಶಃ ಆ ಉರಿಯಿಂದಲೇ ಈ ವಿಷಯ ಹಿಡಿದೆ.

ಕಿಡ್ನಿ ಕೆಡುವಾಗ ಈ ಸಣ್ಣವುಗಳ ಪ್ರಮಾಣ ಏರುಪೇರಾಗುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಕೆಲವು ಕಡಿಮೆಯಾಗುತ್ತವೆ, ಬೇರೆ ಕೆಲವು ಏರುತ್ತವೆ. ಅವುಗಳನ್ನು ನಂಬರಿನಿಂದ ಗುರುತಿಸುತ್ತೇವೆ. ಇನ್ನೂರ ಹತ್ತು ನಂಬರಿನದು ಪ್ರಾಣವಾಯು ಸಾಲದೆ ಕೋಶ ಒದ್ದಾಡುವಾಗ ಏರುವಂಥದ್ದು. ಕಿಡ್ನಿಯಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರಿನಲ್ಲಿ ಕೋಶವು ಪ್ರಾಣವಾಯು ಬೇಕಾದಷ್ಟಿದ್ದರೂ ಉಸಿರು ಕಟ್ಟಿದಂತೆ ವರ್ತಿಸುತ್ತದೆ, ಹಾಗಾಗಿ ಈ ನಂಬರು ಏರಿಯೇ ಇರುತ್ತದೆ. ಇವುಗಳಲ್ಲಿ ಕೆಲವು ಮೂತ್ರಕ್ಕೂ ಇಳಿದು ಬರುತ್ತವೆ. ಈ ಕ್ಯಾನ್ಸರು ಬಹಳ ಕಾಲ ಸದ್ದಿಲ್ಲದೆ ಒಳಗೆ ಕೂತಿರುತ್ತದೆ. ಇನ್ನಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುವುದೂ ಉಂಟು. ಒಂದು ಬಾಟಲಿ ಮೂತ್ರದಿಂದ ಅದನ್ನು ಮೊದಲೇ ಗುರುತಿಸಬಹುದೇ ಎನ್ನುವುದು ನಮ್ಮ ಪ್ರಶ್ನೆ. ಉತ್ತರ ಇನ್ನೂ ಯಾರಿಗೂ ಪೂರ್ತಿ ಸಿಕ್ಕಿಲ್ಲ.

ರೋಗಿಗಳ ಮೂತ್ರ ಆಸ್ಪತ್ರೆಗಳಿಂದ ಬರುತ್ತಿತ್ತು. ಅದರ ಪಕ್ಕದಲ್ಲಿಟ್ಟು ನೋಡಲು ರೋಗವಿಲ್ಲದವರ ಮೂತ್ರವೂ ಬೇಕು. ನಮ್ಮ ಸರ್, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಗಂಡಸರದೇ ಆಗಬೇಕು ಎಂದರು. ಈ ಕ್ಯಾನ್ಸರು ಗಂಡಸರಲ್ಲಿ ಹೆಚ್ಚು, ಅದು ನಿಜ. ನಮ್ಮಲ್ಲಿದ್ದ ರೋಗಿಗಳೂ ಗಂಡಸರೇ. ‘ಹೆಂಗಸರನ್ನು ಸೇರಿಸಿದರೆ ಹಾರ್ಮೋನು, ಅದು ಇದು ಅಂತ ಲೆಕ್ಕ ಗೋಜಲಾಗುತ್ತದೆ. ಮುಂದಿನ ಹಂತದಲ್ಲಿ ನೋಡೋಣ’ ಎಂದರು ಸರ್. ಮುಂದಿನ ಹಂತ ಎನ್ನುವ ಮಾತನ್ನು ನಾನು ಕಾಲೇಜಿನಿಂದ ಕೇಳುತ್ತ ಬಂದಿದ್ದೇನೆ. ಅದು ಯಾವತ್ತೂ ಬಂದದ್ದನ್ನು ನೋಡಿಲ್ಲ.

ಹಾಗೆ ನಾನು ಶನಿವಾರ ಖಾಲಿ ಬಾಟಲಿಗಳನ್ನೂ ಐಸು ತುಂಬಿದ ಡಬ್ಬಿಯನ್ನೂ ಹೊತ್ತು ನಮ್ಮ ಓಣಿಗೇ ಬಂದೆ. ಐವತ್ತು ದಾಟಿದ ಗಂಡಸರು ಅಲ್ಲಿ ಬೇಕಾದಷ್ಟಿದ್ದಾರೆ. ಮನೆ ಮನೆಗೆ ಹೋಗಿ, ಏತಕ್ಕೆಂದು ತಿಳಿಸಿ, ಸಹಿ ಹಾಕಿಸಿಕೊಂಡು, ಬೆಳಗಿನ ಮೊದಲ ಮೂತ್ರ ಹಿಡಿದಿಡಿ ಎಂದು ಬಾಟಲಿ ಕೊಟ್ಟೆ. ನಗು, ಚೇಷ್ಟೆ ಎಲ್ಲ ಆಯಿತು. ಒಬ್ಬರು ‘ಒಂದ ಬಾಟ್ಲಿ ಸಾಲಂಗಿಲ್ಲವಾ, ಬಕೀಟ ತಾ’ ಎಂದರು. ಪಕ್ಕದ ಮನೆಯ ಕಾಕಾ ಸಹಿಯೇನೋ ಹಾಕಿದರು, ಆದರೆ ಬಾಟಲಿಯನ್ನು ಮುಟ್ಟಲಿಲ್ಲ. ಕಾಕು ಕೈಯೊಡ್ಡಿ ಇಸಿದುಕೊಂಡರು.

ಈ ಕಾಕಾ, ಕಾಕು ನಮಗೆ ಸಂಬಂಧಿಕರಲ್ಲ. ಬೆಳಗಾವಿಯ ಕಡೆಯವರು. ನಾನು ಹುಟ್ಟುವುದಕ್ಕೂ ಮೊದಲಿಂದ ಗೋಡೆಗೆ ಗೋಡೆ ಹತ್ತಿದ ಮನೆ. ಅವ್ವ ಜ್ವರದಲ್ಲಿ ಮಲಗಿದಾಗ ನನಗೆ ಜಡೆ ಹೆಣೆದು ಶಾಲೆಗೆ ಕಳಿಸಿದವರು ಕಾಕು. ಕಾಕಾ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು, ನಿವೃತ್ತಿಯ ಅಂಚಿನಲ್ಲಿದ್ದರು. ಮಗಳನ್ನು ಗೋವೆಗೆ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಕಾಕು ಸೆರಗಿನ ಮರೆಯಲ್ಲಿ ಬಾಟಲಿ ಹಿಡಿದು ಬಂದು, ಅತ್ತಿತ್ತ ನೋಡಿ, ‘ತುಗೋ, ನಿಮ್ಮ ಕಾಕಾಂದು’ ಎಂದು ಕೊಟ್ಟು ಹೋದರು. ನಾನು ಅದಕ್ಕೆ ನಂಬರಿನ ಚೀಟಿ ಅಂಟಿಸಿ ಐಸಿನಲ್ಲಿಟ್ಟೆ.

ಕೆಲವು ವಾರಗಳ ಮೇಲೆ ಪ್ರಯೋಗಾಲಯದಲ್ಲಿ ಆ ಬಾಟಲಿಯ ಫಲಿತಾಂಶ ಬಂತು. ಏರಬಾರದ ನಂಬರುಗಳು ಏರಿದ್ದವು, ಇರಬೇಕಾದವು ಇಳಿದಿದ್ದವು. ರೋಗಿಗಳ ಸಾಲಿನಲ್ಲಿಟ್ಟರೆ ಅಲ್ಲೇ ಸೇರಿಹೋಗುವಂತಿತ್ತು. ಕೈತಪ್ಪಿರಬೇಕೆಂದು ಉಳಿಸಿಟ್ಟಿದ್ದ ಭಾಗವನ್ನು ಮತ್ತೆ ಓಡಿಸಿದೆ. ಅದೇ ಬಂತು. ಬಾಟಲಿಗೆ ನಂಬರಿನ ಚೀಟಿ ಅಂಟಿಸಿದವಳು ನಾನೇ ಆದ್ದರಿಂದ ಅದು ಯಾರ ಮನೆಯದೆಂದು ನನಗೆ ಗೊತ್ತಿತ್ತು.

ಸರ್ ಬಳಿ ಹೋದೆ. ಒಂದೊಂದು ಬಾಟಲಿಯನ್ನು ಒಂದೊಂದು ಬಿಂದುವಾಗಿ ಗುರುತಿಸಿದ ನಕ್ಷೆಯನ್ನು ಅವರು ನೋಡಿ, ‘ಇದೊಂದು ಗುಂಪಿಗೆ ಸೇರದ ಬಿಂದು. ತೆಗೆದುಬಿಡು’ ಎಂದರು.

‘ಸರ್, ಇವರಿಗೆ ತಿಳಿಸಬೇಕಲ್ಲ?’

‘ಏನಂತ ತಿಳಿಸ್ತೀಯ? ಇದು ಪರೀಕ್ಷೆ ಅಂತ ಯಾರು ಒಪ್ಪಿದ್ದಾರೆ? ನಾಳೆ ಅದು ಸುಳ್ಳಾದರೆ ಆ ಮನುಷ್ಯನ ನಿದ್ದೆ ಕೆಡಿಸಿದ ಪಾಪ ಯಾರಿಗೆ? ನಾವು ಆಸ್ಪತ್ರೆಯಲ್ಲ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಪಿತ್ತ ನೆತ್ತಿಗೇರಿಸಿದ್ದು. ಒಂದು ಬಾಟಲಿಯ ಮೇಲೆ ಯಾರಿಗೂ ಕ್ಯಾನ್ಸರ್ ಎನ್ನಲು ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಹೊಟ್ಟೆಯ ಮೇಲೆ ಜೆಲ್ಲು ಹಚ್ಚಿ ಒಂದು ಸ್ಕ್ಯಾನ್ ಮಾಡಿಸಿಕೊಳ್ಳಿ ಎನ್ನಲು ಯಾವ ಪಾಪ ಅಡ್ಡ ಬರುತ್ತದೆ? ಇಂಥದ್ದನ್ನು ತೀರ್ಮಾನಿಸುವ ನೈತಿಕ ಸಮಿತಿಗೆ ಬರೆದು ಕೇಳೋಣ ಎಂದೆ. ಸಮಿತಿ ಸೇರುವುದು ಯಾವಾಗಲೋ ಎಂದರು. ಜನರಿಂದ ಬಾಟಲಿ ತುಂಬಿಸಿಕೊಂಡು ಬರುವಾಗ ಇಲ್ಲದ ಸಂಕೋಚ, ಅವರಿಗೆ ಒಂದು ಮಾತು ಹೇಳುವಾಗ ಎಲ್ಲಿಂದ ಬರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ನಿಯಮ ಮುರಿದೆ. ಮುರಿದದ್ದಕ್ಕೆ ಎಳ್ಳಷ್ಟೂ ಬೇಸರವಿಲ್ಲ. ಆ ವಾರವೇ ಊರಿಗೆ ಹೋಗಿ, ಕ್ಯಾನ್ಸರಿನ ಹೆಸರೆತ್ತದೆ, ‘ಕಾಕಾ, ನಿಮ್ಮ ಬಾಟ್ಲಿಯೊಳಗ ಏನೋ ಸ್ವಲ್ಪ ಹೆಚ್ಚು ಕಡಿಮಿ ಕಾಣ್ತು. ಒಮ್ಮೆ ಕಿಡ್ನಿ ಸ್ಕ್ಯಾನ್ ಮಾಡಸ್ರಿ’ ಎಂದೆ.

ಅಷ್ಟು ಸಾಕಾಯಿತು, ಓಣಿಗೆ ಓಣಿಯೇ ಎದ್ದು ನಿಂತಿತು. ಹೆಚ್ಚು ಕಡಿಮೆ ಎಂದ ಮೇಲೆ ತಡ ಮಾಡಬಾರದು ಎಂದರು. ಮುಂದಿನ ಬೀದಿಯ ಗ್ಯಾರೇಜಿನ ಭಾಯಿ ತಮ್ಮ ಜೀಪನ್ನು ತಾವೇ ತಂದು ಬಾಗಿಲಲ್ಲಿ ನಿಲ್ಲಿಸಿದರು. ಕಾಕಾ ರಜೆ ಹಾಕಿದರು. ಕಾಕು ಉಳವಿಯ ದೇವರಿಗೆ ಹರಕೆ ಹೊತ್ತರು, ಎರಡು ದಿನ ಒಂದೇ ಹೊತ್ತು ಉಂಡರು, ಕಾಕಾನಿಗೆ ಮಾತ್ರ ಹೊತ್ತು ಹೊತ್ತಿಗೆ ಗಂಜಿ, ಬಾರ್ಲಿ ನೀರು. ಧಾರವಾಡಕ್ಕೆ ಹೊರಟಾಗ ಜೀಪಿನಲ್ಲಿ ಕೂರಲು ಜಾಗವಿರದಷ್ಟು ಜನ. ಮದುವೆಯ ದಿಬ್ಬಣವೂ ಅಷ್ಟು ತುಂಬಿರುವುದಿಲ್ಲ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಒಂದು ಹರಳು ಕೂಡ ಇಲ್ಲ. ಎರಡೂ ಕಿಡ್ನಿ ಹುಡುಗರ ಕಿಡ್ನಿಯ ಹಾಗಿವೆ ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ಕಾಕಾ ಓಣಿಯ ಎಲ್ಲರಿಗೂ ಹೇಳಿ ಮುಗಿಸಿ, ನನ್ನ ಮುಂದೆ ಮತ್ತೊಮ್ಮೆ ಹೇಳಿದರು. ‘ನಿನ್ನ ಮಷೀನಿಗೇ ಒಮ್ಮೆ ಸ್ಕ್ಯಾನ್ ಮಾಡಸವಾ’ ಎಂದು ನಕ್ಕರು. ಕಾಕು ಮನೆ ಮನೆಗೆ ಸಕ್ಕರೆ ಹಂಚಿದರು. ಸರ್‌ಗೂ ಹೇಗೋ ಸುದ್ದಿ ಮುಟ್ಟಿ, ಅವರು ಎರಡು ವಾರ ನನ್ನನ್ನು ಮಾತಾಡಿಸಲಿಲ್ಲ. ನನಗೆ ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಕಾ ಚೆನ್ನಾಗಿದ್ದಾರಲ್ಲ ಎಂದು ಸಮಾಧಾನ, ಆ ಸಮಾಧಾನದ ಅಡಿಯಲ್ಲಿ ಒಂದು ಚಡಪಡಿಕೆ. ಎರಡೆರಡು ಸಲ ಓಡಿಸಿದ್ದು ಒಂದೇ ತರಹ ತಪ್ಪಾಗುವುದು ಹೇಗೆ?

ಮುಂದೆ ಒಂದು ಭಾನುವಾರ ಅವ್ವ ಹುಗ್ಗಿ ಮಾಡಿದ್ದಳು. ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕಾಕುವಿಗೆ ಕೊಟ್ಟು ಬಾ ಎಂದಳು. ಕಾಕು ಅದನ್ನು ಬಗ್ಗಿಸಿಕೊಂಡು, ಡಬ್ಬಿ ತೊಳೆದು ಒರೆಸಿ, ಅದರಲ್ಲೊಂದು ಬೆಲ್ಲದ ಹೆಂಟೆ ಹಾಕಿ ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ನೆರೆಮನೆಯ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಸಕ್ಕರೆಯೋ, ನಾಲ್ಕು ಶೇಂಗಾ ಕಾಳೋ, ಏನೂ ಇಲ್ಲದಿದ್ದರೆ ಚಿಟಿಕೆ ಉಪ್ಪಾದರೂ ಹಾಕುತ್ತಾರೆ. ನಾನು ಸುಮ್ಮನೆ ಮಾತಿಗೆ, ‘ಬೆಲ್ಲ ಯಾಕ ಹಾಕ್ತೀರಿ ಕಾಕು, ನಮ್ಮ ಮನ್ಯಾಗ ಐತಲ್ಲ’ ಎಂದೆ.

‘ಖಾಲಿ ಹೆಂಗ ಕೊಡ್ಲಿ?’ ಎಂದರು ಕಾಕು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ‘ನಿನ್ನ ಬಾಟ್ಲೀನೂ ಹಂಗ ಆತು ನೋಡು. ನಿಮ್ಮ ಕಾಕಾ ಫಸ್ಟ್ ಶಿಫ್ಟಿಗೆ ಓಡಿದ್ರು. ಗಂಡಸರ ಉಚ್ಚಿ ಊರ ತುಂಬ ಯಾಕ ತಿರಗ್ಯಾಡಬೇಕು, ಒಲ್ಲೆ ಅಂದ್ರು. ನೀ ನಮ್ಮ ಓಣಿ ಹುಡುಗಿ, ಬಾಯಿ ತಗದ ಕೇಳಿದಿ, ಕೈಯಾರ ಬಾಟ್ಲಿ ಕೊಟ್ಟಿ. ಖಾಲಿ ತಿರಗಿಸಿ ಹೆಂಗ ಕೊಡೂದು? ನಾನ ತುಂಬಿಕೊಟ್ಟೆ. ಆಮ್ಯಾಲ ಅವರು ಕೇಳಿದ್ದಕ್ಕ, ನಿಮ್ಮದನ್ನ ಬಚ್ಚಲದಾಗಿಂದ ಹಿಡದು ಕೊಟ್ಟೀನಿ ಅಂದಿದ್ದೆ.’

ನಾನು ಡಬ್ಬಿಯನ್ನು ಕೆಳಗಿಟ್ಟೆ.

‘ಕಾಕೂ, ಅದು ನಿಮ್ಮದಾ?’

‘ನಂದಾದ್ರೇನು, ಅವರದಾದ್ರೇನು? ಒಂದ ಮನ್ಯಾಗ ಉಂಡ ನೀರು. ನಂದ ಕೆಟ್ಟಿದ್ರ ಅವರದೂ ಕೆಟ್ಟಿರತೈತಿ ಅಂತ ಅಂಜಿದ್ದೆ.’

ನಾನು ಅವರನ್ನು ನೋಡಿದೆ. ಇಷ್ಟು ದಿನ ನೋಡಿರಲಿಲ್ಲ ಎಂದು ಆಗ ತಿಳಿಯಿತು. ಬಳೆ ಮೊಣಕೈವರೆಗೆ ಜಾರುವಷ್ಟು ಕೈ ಸಣ್ಣದಾಗಿತ್ತು. ಬೆನ್ನು ನೋಯುತ್ತದೆಯೇ ಎಂದು ಕೇಳಿದೆ. ಎಡಗಡೆ ನೋಯುತ್ತದೆ, ಮೈಮುರಿದು ಕೆಲಸ ಮಾಡಿದವರಿಗೆ ನೋಯದೆ ಇರುತ್ತದೆಯೇ ಎಂದರು. ಮೂತ್ರ ಕೆಂಪಗೆ ಹೋಗುತ್ತದೆಯೇ ಎಂದು ಕೇಳಿದೆ. ಕಾಕು ಬಾಗಿಲ ಕಡೆ ನೋಡಿ ದನಿ ಇಳಿಸಿದರು.

‘ಹೋದ ಮಳಿಗಾಲದಿಂದ ಆಗೊಮ್ಮೆ ಈಗೊಮ್ಮೆ ಹೋಗ್ತೈತಿ. ಉಷ್ಣ ಅದು. ಅಣಶಿ ಕಡೆಯಿಂದ ಒಬ್ಬಾಕಿ ಕೋಕಂ ಸಿಪ್ಪಿ ತರ್ತಾಳ, ಅದನ್ನ ನೆನಿಸಿ ದಿನಾ ಕುಡೀತೀನಿ. ತಂಪ ಆಗ್ತೈತಿ. ಕುಡದ ಮ್ಯಾಲ ಕೆಂಪಗ ಹೋದ್ರ ಅದು ಕೋಕಂ ಬಣ್ಣ ಬಿಡು.’

ಕೋಕಂ, ಅಂದರೆ ಪುನರ್ಪುಳಿಯ ನೀರು ಕೆಂಪಗಿರುತ್ತದೆ ನಿಜ, ಆದರೆ ಅದಕ್ಕೂ ಮೂತ್ರದ ಬಣ್ಣಕ್ಕೂ ಸಂಬಂಧವಿಲ್ಲ. ರಕ್ತ ಹೋಗುತ್ತದೆಂದು ಉಷ್ಣ ಇಳಿಸಲು ಕೋಕಂ ಕುಡಿಯುವುದು, ಕೋಕಂ ಕುಡಿದದ್ದಕ್ಕೇ ಕೆಂಪಗೆ ಹೋಗುತ್ತದೆ ಎಂದು ರಕ್ತವನ್ನು ಮರೆಯುವುದು. ಹೀಗೆ ಒಂದು ವರ್ಷವನ್ನು ಕಾಕು ಕಳೆದಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕಾಕಾನಿಗಾಗಿ ಎರಡು ದಿನ ಅರೆಹೊಟ್ಟೆಯಲ್ಲಿದ್ದಾಗಲೂ ಆ ರಕ್ತ ಹೋಗುತ್ತಿತ್ತು. ಜೀಪಿನ ಮೂಲೆಯಲ್ಲಿ ಮುದುಡಿ ಕೂತು ಧಾರವಾಡಕ್ಕೆ ಹೋದವರು, ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಕಾಕಾನ ಅಂಗಿ ಹಿಡಿದು ನಿಂತವರು, ವಾಪಸು ಬಂದು ಸಕ್ಕರೆ ಹಂಚಿದವರು ಇದೇ ಕಾಕು.

ಕಾಕಾ ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದರು. ಅಲ್ಲೇ ಹೇಳಿದೆ. ಬಾಟಲಿ ಕಾಕುವಿನದು, ಅವರನ್ನು ನಾಳೆಯೇ ಸ್ಕ್ಯಾನಿಗೆ ಕರೆದೊಯ್ಯಬೇಕು ಎಂದೆ. ಕಾಕಾ ಟವೆಲಿನಲ್ಲಿ ಮುಖ ಒರೆಸಿಕೊಂಡು ನಿಧಾನವಾಗಿ ನಕ್ಕರು.

‘ಮತ್ತ ಸುರು ಮಾಡಿದೇನವಾ? ಅಕಿಗೇನ ಆಗೈತಿ? ಮನ್ಯಾಗ ಇರ್ತಾಳ, ಹೊತ್ತಿಗೆ ಸರಿ ಉಣ್ತಾಳ. ಮುಂದಿನ ತಿಂಗಳ ಮಗಳು ಬಾಣಂತನಕ್ಕ ಬರ್ತಾಳ. ಅದೊಂದ ಮುಗೀಲಿ, ಆಮ್ಯಾಲ ನೋಡೂಣು.’

ಕಾಕುವೂ ಅದನ್ನೇ ಹೇಳಿದರು. ‘ಹೌದವಾ, ಬಾಣಂತನ ಮುಗೀಲಿ. ನಾ ಹಾಸಿಗಿ ಹಿಡದ್ರ ಕೂಸಿಗೆ ಎಣ್ಣಿ ನೀರು ಯಾರ ಹಾಕ್ತಾರ?’

ನಾನು ಕೂಗಾಡಿದೆ. ಓಣಿಯ ಮಧ್ಯೆ ನಿಂತು, ಮರ್ಯಾದೆ ಬಿಟ್ಟು, ಗಂಟಲು ಹರಿಯುವ ಹಾಗೆ ಕೂಗಾಡಿದೆ. ಯಾರ ಮಷೀನಿನ ಮಾತು ಕೇಳಿ ಜೀಪು ತಂದಿರಿ, ಅದೇ ಮಷೀನು ಈಗ ಯಾಕೆ ಸುಳ್ಳಾಯಿತು ಎಂದು ಕೇಳಿದೆ. ಕಟ್ಟೆಯ ಮೇಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಒಬ್ಬರು ಮಾತ್ರ ‘ಹೆಣ್ಣಮಕ್ಕಳಿಗೆ ಇಂಥಾವೆಲ್ಲ ಇದ್ದದ್ದ ಬಿಡು’ ಎಂದರು. ಇಂಥವೆಲ್ಲ ಅಂದರೆ ಯಾವುವು ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳಿದ್ದಕ್ಕೆ ಎದ್ದು ಹೋದರು.

ಕೊನೆಗೆ ಅವ್ವ ಹೊರಗೆ ಬಂದಳು. ಅವಳು ಮಾತು ಕಡಿಮೆಯ ಹೆಂಗಸು. ಕಾಕಾನ ಎದುರು ನಿಂತು, ‘ಅಣ್ಣಾರ, ನಿಮ್ಮ ಸಲುವಾಗಿ ಜೀಪ್ ಬಂತು. ಅಕಿಗೆ ಬಸ್ಸರ ಬ್ಯಾಡೇನ್ರಿ?’ ಎಂದಳು. ಕಾಕಾ ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಬೇಡ ಎನ್ನಲಿಲ್ಲವಲ್ಲ, ಅಷ್ಟನ್ನೇ ಹೂಂ ಎಂದು ಹಿಡಿದುಕೊಂಡೆವು. ಕಾಕು ಒಂದು ಷರತ್ತು ಹಾಕಿದರು. ಯಾರಾದರೂ ಕೇಳಿದರೆ ಬಾಣಂತಿಗೆ ಬೇಕಾದ ಸಾಮಾನು ತರಲು ಧಾರವಾಡಕ್ಕೆ ಹೋಗುತ್ತಿದ್ದೇವೆ ಎನ್ನಬೇಕು. ತನಗೆ ಆರಾಮಿಲ್ಲ ಎಂದು ಊರು ಬಿಡಲು ಅವರಿಗೆ ನಾಚಿಕೆ. ಮರುದಿನ ಕಾಕು, ಅವ್ವ, ನಾನು, ಮೂವರು ಹೆಂಗಸರು, ಕೈಯಲ್ಲೊಂದು ಖಾಲಿ ಚೀಲ ಹಿಡಿದು, ಹಳಿಯಾಳದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಕು ಕೂಸಿನ ಕುಂಚಿಗೆಗೆ ಯಾವ ಬಣ್ಣ ಒಳ್ಳೆಯದು ಎಂದು ಮಾತಾಡಿದರು.

ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಬಲಗಡೆ ಬೇಗ ಮುಗಿಸಿದರು. ಎಡಗಡೆಗೆ ಬಂದರು. ಅಲ್ಲೇ ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿದರು. ಪರದೆಯ ಮೇಲೆ ಇರಬಾರದ ಒಂದು ಗುಂಡನೆಯ ನೆರಳು ನನಗೂ ಕಂಡಿತು. ನನ್ನ ಲೆಕ್ಕ ಸರಿಯಾಗಿತ್ತು. ಆ ಗಳಿಗೆಯಲ್ಲಿ ಅದು ತಪ್ಪಾಗಿದ್ದರೆ ಸಾಕು ಎಂದು ನಾನು ಎಷ್ಟು ಬೇಡಿಕೊಂಡೆನೆಂದು ನನಗೊಬ್ಬಳಿಗೇ ಗೊತ್ತು. ಕಾಕು ಮಲಗಿದ್ದಲ್ಲಿಂದಲೇ ನನ್ನ ಮುಖ ನೋಡಿ, ‘ಅಂಗಡಿ ಮುಚ್ಚತಾರೇನು? ಲಗೂ ಮುಗಸ್ಲಿ’ ಎಂದರು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಎಡಗಡೆಯ ಕಿಡ್ನಿ ತೆಗೆದರು. ಗಡ್ಡೆ ಕಿಡ್ನಿಯ ಒಳಗೇ ಇದೆ, ಹೊರಗೆ ದಾಟಿಲ್ಲ, ಇನ್ನಷ್ಟು ತಿಂಗಳು ಬಿಟ್ಟಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. ಮಗಳ ಬಾಣಂತನವನ್ನು ಅವ್ವ ಮತ್ತು ವೈನಿ ಮಾಡಿದರು. ಕೂಸು ಚೆನ್ನಾಗಿಯೇ ಬೆಳೆಯಿತು. ಕಾಕು ಈಗ ಓಡಾಡುತ್ತಾರೆ, ಹೇಳಿದ ಹೊತ್ತಿಗೆ ತೋರಿಸಿಕೊಂಡು ಬರುತ್ತಾರೆ. ಒಂದು ಬಾಟಲಿ ಸರಿಯಾಗಿ ಹೇಳಿತು ಎಂದ ಮಾತ್ರಕ್ಕೆ ಪರೀಕ್ಷೆ ಸಿದ್ಧವಾಯಿತು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೂ ಬಹಳ ಜನರ ಬಾಟಲಿ ಬೇಕು, ಬಹಳ ಜನರ ಕೆಲಸ ಬೇಕು. ಆದರೆ ಆ ಇಪ್ಪತ್ತೆರಡು ಅಕ್ಷರದ ತುಣುಕುಗಳು ಆ ಭಾನುವಾರ ಸುಳ್ಳು ಹೇಳಿರಲಿಲ್ಲ.

ಇದನ್ನು ನಾನು ಸರ್‌ಗೆ ಹೇಳಿದೆ. ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆಯಿತ್ತು. ನಾವು ಹುಡುಕುತ್ತಿದ್ದದ್ದು ಕಣ್ಣ ಮುಂದೆಯೇ ಸಿಕ್ಕಿತ್ತಲ್ಲ. ಸರ್ ಬೆರಗಾದರು, ಕಾಕು ಹೇಗಿದ್ದಾರೆ ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೊರಗಿ, ‘ಹಾಗಾದರೆ ಒಳ್ಳೆಯದೇ ಆಯಿತು. ಆ ಬಿಂದುವನ್ನು ತೆಗೆಯಲು ಈಗ ಸರಿಯಾದ ಕಾರಣ ಸಿಕ್ಕಿತು. ಹೆಂಗಸಿನ ಸ್ಯಾಂಪಲ್, ನಮ್ಮ ಅಧ್ಯಯನಕ್ಕೆ ಬರುವುದಿಲ್ಲ’ ಎಂದರು.

ಗಂಡಸಿನದೆಂದು ತಿಳಿದಾಗ ಗುಂಪಿಗೆ ಸೇರುವುದಿಲ್ಲ ಎಂದು ತೆಗೆದರು. ಹೆಂಗಸಿನದೆಂದು ತಿಳಿದ ಮೇಲೆ ಗುಂಪಿಗೇ ಬರುವುದಿಲ್ಲ ಎಂದು ತೆಗೆದರು. ನಿಯಮದ ಪ್ರಕಾರ ಎರಡೂ ಸರಿ. ಒಂದು ಜೀವ ಉಳಿಸಿದ ಬಾಟಲಿಗೆ ನಮ್ಮ ಬರಹದಲ್ಲಿ ಒಂದು ಅಡಿಟಿಪ್ಪಣಿಯೂ ಸಿಗಲಿಲ್ಲ. ನಾನು ಅವರ ಕೋಣೆಯ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡು ಬಂದೆನೆಂದರೆ ಆಚೆ ಕೂತವರೆಲ್ಲ ತಲೆಯೆತ್ತಿ ನೋಡಿದರು. ಹೆಂಗಸರನ್ನು ಸೇರಿಸಿ ಹೊಸ ಅಧ್ಯಯನಕ್ಕೆ ಅರ್ಜಿ ಬರೆದು ಕೊಟ್ಟಿದ್ದೇನೆ. ಅದು ಮುಂದಿನ ಹಂತದಲ್ಲಿದೆಯಂತೆ.

ಓಣಿಯಲ್ಲಿ ಕಾಕಾ ಈ ಕಥೆಯನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ ನಾನೇ ಕೇಳಿದ್ದೇನೆ. ‘ನನ್ನ ಹೆಸರ್ಲೆ ಕೊಟ್ಟಿದ್ದಕ್ಕ ಅಕಿ ಉಳದಾಳ ನೋಡ್ರಿ. ಅಕಿ ಹೆಸರ್ಲೆ ಕೊಟ್ಟಿದ್ರ ಯಾರ ನೋಡತಿದ್ರು?’ ಎನ್ನುತ್ತಾರೆ, ಎದೆಯುಬ್ಬಿಸಿ. ಜೀಪಿಗೆ ಜಾಗ ಸಾಲದಂತೆ ಜನ ಬಂದದ್ದು, ಬಸ್ಸಿನಲ್ಲಿ ಮೂವರೇ ಹೋದದ್ದು ಅವರ ಕಥೆಯಲ್ಲಿಲ್ಲ. ಎದ್ದು ಹೋಗಿ ನಾಲ್ಕು ಮಾತು ಆಡಬೇಕೆಂದುಕೊಂಡೆ. ಆಡಲಿಲ್ಲ. ಆ ಮಾತು ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕಾಕಾನ ಕಥೆ ಬಹಳ ದೂರ ಹೋಯಿತು. ಹೋದ ತಿಂಗಳು ಕಾಕುವಿನ ತಂಗಿ ಮುಂಡಗೋಡದ ಆಚೆ, ಅತ್ತಿವೇರಿಯಿಂದ ಬಂದಿದ್ದರು. ಅಕ್ಕನನ್ನು ನೋಡಲೆಂದು ಬಂದವರು ಅಕ್ಕನ ಮನೆಗೆ ಹೋಗುವ ಮೊದಲೇ ನಮ್ಮ ಮನೆಗೆ ಬಂದು, ಅವ್ವ ಒಳಗೆ ಹೋಗುವವರೆಗೆ ಕಾದು, ಕೈಚೀಲದಿಂದ ಒಂದು ಹಳೆಯ ಟಾನಿಕ್ ಬಾಟಲಿ ತೆಗೆದು ನನ್ನ ಮುಂದಿಟ್ಟರು. ಚೆನ್ನಾಗಿ ತೊಳೆದು, ತುಂಬಿ, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ ತಂದಿದ್ದರು. ಎರಡು ಬಸ್ಸು ಬದಲಿಸಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ. ನಮ್ಮ ಅಧ್ಯಯನ ಮುಗಿದಿದೆ, ಇದರಿಂದ ಏನೂ ಗೊತ್ತಾಗುವುದಿಲ್ಲ, ನಾಳೆ ನನ್ನ ಜೊ‌ತೆಯಲ್ಲೇ ಬನ್ನಿ, ಸ್ಕ್ಯಾನ್ ಮಾಡಿಸೋಣ ಎಂದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು.

‘ಬರ್ತೇನಿ. ಆದ್ರ ನಮ್ಮ ಮನ್ಯಾವರ ಹೆಸರ್ಲೆ ಬರಸವಾ’ ಎಂದರು.

‘ಸ್ಕ್ಯಾನ್ ನಿಮ್ಮ ಹೊಟ್ಟೀಗೆ ಮಾಡ್ತಾರ್ರಿ. ಅವರ ಹೆಸರು ಹೆಂಗ ಬರೀತಾರ? ನಿಮ್ಮ ಹೆಸರ ಹೇಳ್ರಿ.’

ಅವರು ನನ್ನನ್ನು ಪಾಪದ ಹುಡುಗಿ ಎನ್ನುವಂತೆ ನೋಡಿದರು.

‘ನನ್ನ ಹೆಸರ್ಲೆ ಕೊಟ್ರ ಯಾರ ನೋಡ್ತಾರವಾ? ನೀವ ನೋಡ್ತಿದ್ರೇನು?’

ನಾವು ನೋಡುತ್ತಿರಲಿಲ್ಲ. ಕಾಕುವಿನ ಹೆಸರಿನಲ್ಲಿ ಬಂದಿದ್ದರೆ ಆ ಭಾನುವಾರದ ಬಾಟಲಿಯನ್ನು ನಾನೇ, ಬಾಗಿಲಲ್ಲೇ, ಬೇಡವೆಂದು ತಿರುಗಿಸಿ ಕಳಿಸುತ್ತಿದ್ದೆ.